ನಿನ್ನೆ ಕಂಡ ಸ್ಕ್ಯಾನರ್ ಇವತ್ತು ಕಾಣದು

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದಾಗ ಈಗಿನಂಥ ಫಿಲ್ಮ್ ಇನ್ನೂ ಹುಟ್ಟಿರಲಿಲ್ಲ. ಮೇಣ ಹಿಡಿಸಿದ ಕಾಗದವೇ ಆತನ ನೆಗೆಟಿವ್. ವಿಠ್ಠಲನ ಗುಡಿಯ ಅಂಗಳದಲ್ಲಿರುವ ಕಲ್ಲಿನ ರಥದ ನೆತ್ತಿಯ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತು ಎಂಬುದನ್ನು ಇವತ್ತು ಕಣ್ಣಾರೆ ನೋಡಲು ಆಗುವುದು ಅಂಥ ಕಾಗದ ಉಳಿದದ್ದರಿಂದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಆ ಚಿತ್ರಗಳನ್ನು ಮುಂದಿಟ್ಟುಕೊಂಡು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ 1980ರಲ್ಲಿ ಶುರುಮಾಡಿದ ವಿಜಯನಗರ ಸಂಶೋಧನಾ ಯೋಜನೆಯ ಕಾಲ ಅದು. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಡೆ ರಿಪೇರಿಯಾಯಿತು, ಎಲ್ಲಿ ಗಿಡಗಂಟಿ ಸರಿಯಿತು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ದೊಡ್ಡ ಛಾಯಾಗ್ರಾಹಕರ ನೆಗೆಟಿವ್‌ಗಳಿಗೆ ಗ್ರಂಥಾಲಯ, ಸಂಗ್ರಹಾಲಯಗಳಿವೆ. ಊರಿನ ನೆಗೆಟಿವ್‌ಗಳಿಗೆ ಇರುವುದು ಅಟ್ಟದ ಮೇಲಿನ ಟ್ರಂಕು.

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಮಲಪನಗುಡಿಯನ್ನೇ ತೆಗೆದುಕೊಳ್ಳಿ. ಮಲ್ಲಿಕಾರ್ಜುನನ ಗುಡಿಯಿದೆ, ವಿಜಯನಗರ ಕಾಲದ ಕಮಾನುಗಳ ದೊಡ್ಡ ಬಾವಿಯಿದೆ. ಆದರೂ ಹಂಪಿ ನೋಡಲು ಹೊರಟವರು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ. ಇಂಥ ಊರಿನ ಬಾವಿ, ಗುಡಿ, ತೇರುಬೀದಿಗಳು ಐವತ್ತು ವರ್ಷದ ಹಿಂದೆ ಹೇಗಿದ್ದವು ಎಂದು ತಿಳಿಯಬೇಕಾದರೆ ಯಾರದೋ ಮದುವೆಯ ಫೋಟೋದ ಹಿನ್ನೆಲೆಯನ್ನೇ ನೋಡಬೇಕು. ಹೊಸಪೇಟೆ, ಕಂಪ್ಲಿ, ಸಂಡೂರಿನ ಸ್ಟುಡಿಯೊಗಳವರು ಮದುವೆ, ಜಾತ್ರೆ, ಶಾಲೆಯ ಗ್ರೂಪ್ ಫೋಟೋ, ಟಿ.ಬಿ. ಡ್ಯಾಮಿನ ಪ್ರವಾಸ ಎಂದು ದಶಕಗಟ್ಟಲೆ ಫಿಲ್ಮ್ ಸುತ್ತಿದವರು. ಅದರಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪುಬಿಳುಪು ಫಿಲ್ಮೂ ಇತ್ತು, ಆಮೇಲೆ ಬಂದ ಬಣ್ಣದ ರೋಲುಗಳೂ ಇದ್ದವು.

ಟ್ರಂಕಿನ ಮುಚ್ಚಳ ತೆಗೆದಾಗ ವಿನಿಗರಿನ ಹುಳಿ ವಾಸನೆ ಮೂಗಿಗೆ ಬಡಿದರೆ ಹೆಚ್ಚು ಕಾಲ ಉಳಿದಿಲ್ಲ ಎಂದರ್ಥ. ಹಳೆಯ ಫಿಲ್ಮಿನ ಅಸಿಟೇಟ್ ತಳ ಸೆಕೆ ಮತ್ತು ತೇವಕ್ಕೆ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಮುಂದಿನ ಒಡೆತವನ್ನು ಇನ್ನಷ್ಟು ಜೋರು ಮಾಡುತ್ತದೆ. ಫಿಲ್ಮ್ ಮುದುಡುತ್ತದೆ, ಚಿತ್ರವಿರುವ ಪದರ ಸುಕ್ಕುಗಟ್ಟುತ್ತದೆ. ಬೇಸಗೆಯಲ್ಲಿ ತಗಡಿನ ಟ್ರಂಕು ಕಾಯುವ ಈ ಸೀಮೆಯಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕುವುದು ಒಳ್ಳೆಯದಲ್ಲ.

ಕೆಲಸ ಶುರುವಾದ ಕೂಡಲೇ ಎರಡು ಅಡ್ಡಿಗಳು ಎದುರಾಗುತ್ತವೆ. ಎರಡೂ ಫೋಟೋಗ್ರಫಿಗೆ ಸಂಬಂಧಪಟ್ಟವಲ್ಲ. ಒಂದು, ಸ್ಕ್ಯಾನರ್ ಸುಸ್ಥಿತಿಯಲ್ಲಿದ್ದರೂ ಕಂಪ್ಯೂಟರ್ ಅದನ್ನು ಗುರುತಿಸುವುದಿಲ್ಲ. ಇನ್ನೊಂದು ಹೆಚ್ಚು ತಲೆ ತಿನ್ನುವಂಥದ್ದು: ನಿನ್ನೆಯವರೆಗೆ ಕಾಣುತ್ತಿದ್ದ ಸ್ಕ್ಯಾನರ್ ಇವತ್ತು ಬೆಳಿಗ್ಗೆ ಇಲ್ಲ, ಯಾರೂ ಏನನ್ನೂ ಮುಟ್ಟಿಲ್ಲ.

ಫಿಲ್ಮ್ ಸ್ಕ್ಯಾನರ್ ಎಂದರೆ ಜೆರಾಕ್ಸ್ ಅಂಗಡಿಯ ಚಪ್ಪಟೆ ಸ್ಕ್ಯಾನರ್ ಅಲ್ಲ. ನೆಗೆಟಿವ್‌ನ ಆಚೆಯಿಂದ ಬೆಳಕು ಹಾಯಿಸಿ ಈಚೆ ಒಂದೊಂದೇ ಗೆರೆಯಾಗಿ ಓದುವ ಯಂತ್ರ ಅದು. ನಿಕಾನ್ ಕಂಪನಿಯ ಕೂಲ್‌ಸ್ಕ್ಯಾನ್ ಸಾಲು ಇದರಲ್ಲಿ ಹೆಸರಾದದ್ದು. ಕೆಂಪು, ಹಸಿರು, ನೀಲಿ ಎಲ್‌ಇಡಿಗಳ ಜೊತೆಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕೂ ಅದರೊಳಗಿದೆ. ಒಂದು ಇಂಚಿಗೆ 4000 ಚುಕ್ಕಿಯ ಲೆಕ್ಕದಲ್ಲಿ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಒಂದು ಚೌಕಟ್ಟನ್ನು ಓದಿದರೆ ಸುಮಾರು 5,670 ಅಡ್ಡ, 3,780 ಉದ್ದ, ಅಂದರೆ ಎರಡು ಕೋಟಿಗೂ ಮೀರಿದ ಚುಕ್ಕಿ. ಬಣ್ಣವೊಂದಕ್ಕೆ 16 ಬಿಟ್ ಇಟ್ಟು ಕುಗ್ಗಿಸದೆ ಉಳಿಸಿದರೆ ಒಂದು ಚಿತ್ರಕ್ಕೆ ಹತ್ತಿರ ಹತ್ತಿರ 128 ಎಂಬಿ. 36 ಚಿತ್ರದ ಒಂದು ರೋಲಿಗೆ ನಾಲ್ಕೂವರೆ ಜಿಬಿ ಮೀರುತ್ತದೆ.

ಸಿನಿಮಾ ಫಿಲ್ಮಿನ ಲೆಕ್ಕ ಇನ್ನೂ ದೊಡ್ಡದು. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಪುನಶ್ಚೇತನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತಲ್ಲ. ಇಂಥ ಪ್ರತಿಯೊಂದು ಕೆಲಸದ ಹಿಂದೆ ಇರುವುದು ಒಂದೊಂದೇ ಚೌಕಟ್ಟಿನ ಸ್ಕ್ಯಾನಿಂಗ್. ಸೆಕೆಂಡಿಗೆ 24 ಚೌಕಟ್ಟು, ಒಂದು ನಿಮಿಷಕ್ಕೆ 1,440. ಆ ಚಿತ್ರಕ್ಕೆ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಇಟಲಿಯ ಬೊಲೊನ್ಯಾ ನಗರದ ಲ್ಯಾಬು ಎಲ್ಲ ಜೊತೆಗಿದ್ದವು. ಟ್ರಂಕಿನ ಮದುವೆ ರೋಲಿಗೆ ಜೊತೆಗಿರುವುದು ಸೆಕೆಂಡ್‌ಹ್ಯಾಂಡ್ ಸ್ಕ್ಯಾನರ್ ಮತ್ತು ಮನೆಯ ಹುಡುಗರು.

ಸೆಕೆಂಡ್‌ಹ್ಯಾಂಡ್ ಏಕೆಂದರೆ ಕೂಲ್‌ಸ್ಕ್ಯಾನ್ ತಯಾರಿಕೆ ನಿಂತೇ ಹೋಗಿದೆ. ಯಂತ್ರದ ಲೆನ್ಸು, ಮೋಟರು ಇನ್ನೂ ಗಟ್ಟಿ; ಮುಪ್ಪಾದದ್ದು ಅದರ ಡ್ರೈವರ್. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಗೆ ಜಗತ್ತಿನ ಪ್ರತಿಯೊಂದು ಸ್ಕ್ಯಾನರಿನ ಮಾತು ಗೊತ್ತಿರುವುದಿಲ್ಲ. ‘ಮೋಟರನ್ನು ಇಷ್ಟು ಹೆಜ್ಜೆ ಸರಿಸು, ಹಸಿರು ದೀಪ ಇಷ್ಟು ಹೊತ್ತು ಉರಿಸು’ ಎಂಬ ಆಜ್ಞೆಗಳನ್ನು ಆ ಯಂತ್ರಕ್ಕೆ ಅರ್ಥವಾಗುವ ರೀತಿಯಲ್ಲಿ ಕಳಿಸುವ ಪುಟ್ಟ ತಂತ್ರಾಂಶವೇ ಡ್ರೈವರ್. ನಿಕಾನ್ ಕೊಟ್ಟ ‘ನಿಕಾನ್ ಸ್ಕ್ಯಾನ್’ 32 ಬಿಟ್ ವಿಂಡೋಸ್ ಕಾಲದ್ದು. 64 ಬಿಟ್ ವಿಂಡೋಸ್ ಬಂದಾಗ ಕಂಪನಿ ಅದಕ್ಕೆ ಹೊಸ ಡ್ರೈವರ್ ಕೊಡಲಿಲ್ಲ. ಲಕ್ಷ ರೂಪಾಯಿ ಬೆಲೆಯ ಯಂತ್ರವನ್ನು ನಾಲ್ಕು ಸಾಲಿನ ಕಡತವಿಲ್ಲವೆಂದು ಮೂಲೆಗೆ ತಳ್ಳುವುದು ನ್ಯಾಯವೇ ಎಂದು ಕೊಂಡವರು ಕೇಳಿದರೆ ತಪ್ಪೇನಿಲ್ಲ.

ನಾಲ್ಕು ಸಾಲು ಎಂಬುದು ಪೂರ್ತಿ ಉತ್ಪ್ರೇಕ್ಷೆಯಲ್ಲ. ಯುಎಸ್‌ಬಿ ಸಾಧನವನ್ನು ಚುಚ್ಚಿದ ಕೂಡಲೇ ಅದು ತನ್ನ ತಯಾರಕರ ಸಂಖ್ಯೆ ಮತ್ತು ಮಾದರಿಯ ಸಂಖ್ಯೆಯನ್ನು ಹೇಳಿಕೊಳ್ಳುತ್ತದೆ. ಡ್ರೈವರ್ ಜೊತೆಗೆ ಬರುವ ‘ಐಎನ್‌ಎಫ್’ ಎಂಬ ಪಠ್ಯ ಕಡತದಲ್ಲಿ ಆ ಸಂಖ್ಯೆಗಳಿದ್ದರೆ ವಿಂಡೋಸ್ ಎರಡಕ್ಕೂ ಗಂಟು ಹಾಕುತ್ತದೆ. ಬೇರೆ ಡ್ರೈವರಿನ ಐಎನ್‌ಎಫ್ ಕಡತಕ್ಕೆ ತಮ್ಮ ಸ್ಕ್ಯಾನರಿನ ಸಂಖ್ಯೆ ಸೇರಿಸಿ ಹಳೆಯ ಯಂತ್ರವನ್ನು ಎಬ್ಬಿಸಿದವರು ಬಹಳ. ಆದರೆ ಕಡತವನ್ನು ಒಂದಕ್ಷರ ತಿದ್ದಿದರೂ ಅದರ ಡಿಜಿಟಲ್ ಸಹಿ ಹೊಂದುವುದಿಲ್ಲ. ಸಹಿಯಿಲ್ಲದ ಡ್ರೈವರನ್ನು 64 ಬಿಟ್ ವಿಂಡೋಸ್ ಒಳಗೆ ಬಿಡುವುದಿಲ್ಲ. ಆ ಕಾವಲನ್ನು ತಾತ್ಕಾಲಿಕವಾಗಿ ಸಡಿಲಿಸಿ ಕಂಪ್ಯೂಟರ್ ಆರಂಭಿಸಬೇಕಾಗುತ್ತದೆ. ಬ್ಯಾಂಕಿನ ವ್ಯವಹಾರ ನಡೆಯುವ ಅದೇ ಕಂಪ್ಯೂಟರಿನಲ್ಲಿ ಈ ಸಾಹಸ ಬೇಡ.

ಇದಕ್ಕಿಂತ ಸುಲಭದ ದಾರಿಗಳೂ ಇವೆ. ಎಡ್ ಹ್ಯಾಮ್ರಿಕ್ 1998ರಿಂದ ಬೆಳೆಸಿಕೊಂಡು ಬಂದ ‘ವ್ಯೂಸ್ಕ್ಯಾನ್’ ಹಣ ಕೊಟ್ಟು ಕೊಳ್ಳುವ ತಂತ್ರಾಂಶ. ಕಂಪನಿಗಳು ಕೈಬಿಟ್ಟ ಸಾವಿರಾರು ಸ್ಕ್ಯಾನರ್‌ಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುತ್ತದೆ. ಲಿನಕ್ಸ್ ಬಳಸುವವರಿಗೆ ಸ್ವಯಂಸೇವಕರು ಕಟ್ಟಿದ ಉಚಿತ ‘ಸೇನ್’ ಇದೆ. ಸೇನ್‌ನಲ್ಲಿ ಕೆಲಸ ಎರಡು ಪಾಲಾಗಿದೆ: ಗುಂಡಿ, ಚಿತ್ರ ತೋರಿಸುವ ಮುಂಭಾಗ ಒಂದು, ಯಂತ್ರದೊಡನೆ ಮಾತಾಡುವ ಹಿಂಭಾಗ ಇನ್ನೊಂದು. ಕೂಲ್‌ಸ್ಕ್ಯಾನ್‌ಗಳಿಗೆಂದೇ ಹಿಂಭಾಗದ ಮೂರು ತುಣುಕುಗಳಿವೆ. ಯಾವ ತುಣುಕುಗಳನ್ನು ಎಬ್ಬಿಸಬೇಕು ಎಂಬ ಪಟ್ಟಿ ಒಂದು ಸಾದಾ ಕಡತದಲ್ಲಿರುತ್ತದೆ. ಆ ಪಟ್ಟಿಯ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಬಿದ್ದಿದ್ದರೆ ಆ ತುಣುಕು ಮಲಗಿದೆ ಎಂದರ್ಥ. ಎಷ್ಟೋ ಸಲ ಇಡೀ ಸಮಸ್ಯೆ ಆ ಒಂದು ಚಿಹ್ನೆಯದೇ ಆಗಿರುತ್ತದೆ.

ಇನ್ನೊಂದು ಸಾಮಾನ್ಯ ತೊಡಕು ಅನುಮತಿಯದು. ಕಂಪ್ಯೂಟರಿನ ಸರ್ವಾಧಿಕಾರಿ ಖಾತೆಯಿಂದ ಕೇಳಿದರೆ ಸ್ಕ್ಯಾನರ್ ಇದೆ, ಸಾಮಾನ್ಯ ಬಳಕೆದಾರನ ಖಾತೆಯಿಂದ ಕೇಳಿದರೆ ಇಲ್ಲ. ಡ್ರೈವರ್ ಸರಿಯಿದೆ, ತಂತಿ ಸರಿಯಿದೆ. ಆ ಬಳಕೆದಾರನನ್ನು ‘ಸ್ಕ್ಯಾನರ್’ ಗುಂಪಿಗೆ ಸೇರಿಸಿ ಮತ್ತೊಮ್ಮೆ ಲಾಗಿನ್ ಮಾಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಯಂತ್ರ ಎದ್ದ ಮೇಲೆ ಫಿಲ್ಮಿನ ವಿಷಯ. ಬಣ್ಣದ ನೆಗೆಟಿವ್‌ಗೆ ಕಿತ್ತಳೆ ಛಾಯೆಯ ಪೊರೆಯಿರುತ್ತದೆ. ಬಣ್ಣಗಳನ್ನು ತಿರುಗಿಸುವ ಮೊದಲು ಅದನ್ನು ಕಳೆಯಬೇಕು. ಫಿಲ್ಮಿನ ಬಗೆಯನ್ನು ಸರಿಯಾಗಿ ಆರಿಸದಿದ್ದರೆ ಮದುಮಗಳ ಮುಖ ನೀಲಿಯಾಗಿ ಬರುತ್ತದೆ. ಧೂಳು, ಗೀರು ತೆಗೆಯುವ ‘ಡಿಜಿಟಲ್ ಐಸ್’ ಸೌಲಭ್ಯ ಇನ್‌ಫ್ರಾರೆಡ್ ಬೆಳಕನ್ನು ನಂಬಿದೆ: ಬಣ್ಣದ ಫಿಲ್ಮಿನ ವರ್ಣದ್ರವ್ಯದ ಮೂಲಕ ಆ ಬೆಳಕು ಹಾದುಹೋಗುತ್ತದೆ, ಧೂಳು ತಡೆಯುತ್ತದೆ, ತಡೆದ ಜಾಗವೇ ಕಲೆ ಎಂದು ಯಂತ್ರ ತಿಳಿಯುತ್ತದೆ. ಹಳೆಯ ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣಗಳದು. ಬೆಳ್ಳಿಯೂ ಇನ್‌ಫ್ರಾರೆಡ್ಡನ್ನು ತಡೆಯುವುದರಿಂದ ಯಂತ್ರ ಅಜ್ಜನ ಮೀಸೆಯನ್ನೂ ಧೂಳೆಂದು ಒರೆಸಲು ಹೊರಡುತ್ತದೆ. ‘ಇಂದು’ ಫಿಲ್ಮಿನ ರೋಲು ಹಾಕುವಾಗ ಆ ಸೌಲಭ್ಯವನ್ನು ನಿಲ್ಲಿಸಲೇಬೇಕು.

ಈಗ ಎರಡನೆಯ ಅಡ್ಡಿ. ಹಳೆಯ ಡ್ರೈವರ್ ಓಡುವ ಹಳೆಯ ಕಂಪ್ಯೂಟರ್ ಒಳಕೋಣೆಯಲ್ಲಿ ಸ್ಕ್ಯಾನರಿನ ಜೊತೆ ಇರುತ್ತದೆ. ಚಿತ್ರ ತಿದ್ದುವ ಹೊಸ ಲ್ಯಾಪ್‌ಟಾಪ್ ಪಡಸಾಲೆಯಲ್ಲಿ. ಸೇನ್‌ಗೆ ಇದಕ್ಕೂ ಉಪಾಯವಿದೆ. ‘ಸೇನ್‌ಡಿ’ ಎಂಬ ಸೇವಕ ತಂತ್ರಾಂಶವನ್ನು ಹಳೆಯ ಕಂಪ್ಯೂಟರಿನಲ್ಲಿ ಓಡಲು ಬಿಟ್ಟರೆ ಅದು 6566 ಎಂಬ ಪೋರ್ಟ್‌ನಲ್ಲಿ ಕಾಯುತ್ತ ಕೂರುತ್ತದೆ. ಲ್ಯಾಪ್‌ಟಾಪಿನಿಂದಲೇ ಸ್ಕ್ಯಾನ್ ಮಾಡಬಹುದು. ಲ್ಯಾಪ್‌ಟಾಪಿನ ಸಂರಚನಾ ಕಡತದಲ್ಲಿ ಹಳೆಯ ಕಂಪ್ಯೂಟರಿನ ವಿಳಾಸ ಬರೆಯಬೇಕು, ಹಳೆಯ ಕಂಪ್ಯೂಟರಿನ ಕಡತದಲ್ಲಿ ‘ಇಂಥವರನ್ನು ಒಳಗೆ ಬಿಡು’ ಎಂದು ಲ್ಯಾಪ್‌ಟಾಪಿನ ವಿಳಾಸ ಬರೆಯಬೇಕು. 192.168.1.23, 192.168.1.31 ಎಂದು ಬರೆದು ಉಳಿಸುತ್ತಾರೆ. ಕೆಲಸ ಸರಾಗವಾಗಿ ನಡೆಯುತ್ತದೆ, ಕೆಲವು ದಿನ.

ಕೆಲವೇ ದಿನ ಏಕೆಂದರೆ ಆ ವಿಳಾಸಗಳು ಆ ಕಂಪ್ಯೂಟರುಗಳ ಸ್ವಂತದವಲ್ಲ. ಮನೆಯ ರೂಟರ್ ಕೊಟ್ಟ ಬಾಡಿಗೆಯ ವಿಳಾಸಗಳು ಅವು. ಹೊಸಪೇಟೆಯ ಲಾಡ್ಜಿನಲ್ಲಿ 24 ಗಂಟೆಗೆ ರೂಮು ಕೊಟ್ಟಂತೆ: ಅವಧಿ ಮುಗಿಯುವ ಮೊದಲೇ ಕೌಂಟರಿಗೆ ಹೇಳಿದರೆ ಅದೇ ರೂಮು ಮುಂದುವರಿಯುತ್ತದೆ, ನಾಲ್ಕು ದಿನ ಊರಿಗೆ ಹೋಗಿ ಬಂದರೆ ಬೇರೆ ರೂಮು ಸಿಗಬಹುದು. ವಿಳಾಸ ಹಂಚುವ ಈ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ.

ನೆಟ್‌ವರ್ಕಿಗೆ ಹೊಸದಾಗಿ ಸೇರಿದ ಯಂತ್ರಕ್ಕೆ ವಿಳಾಸವೂ ಇಲ್ಲ, ಯಾರನ್ನು ಕೇಳಬೇಕೆಂಬ ತಿಳಿವಳಿಕೆಯೂ ಇಲ್ಲ. ಆದ್ದರಿಂದ ಅದು 0.0.0.0 ಎಂಬ ಇಲ್ಲದ ವಿಳಾಸದಿಂದ 255.255.255.255 ಎಂಬ ಎಲ್ಲರ ವಿಳಾಸಕ್ಕೆ ಕೂಗು ಹಾಕುತ್ತದೆ: ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ? ರೂಟರ್ ಒಂದು ವಿಳಾಸವನ್ನು ಮುಂದಿಡುತ್ತದೆ. ಯಂತ್ರ ‘ಇದನ್ನೇ ಕೊಡಿ’ ಎನ್ನುತ್ತದೆ. ರೂಟರ್ ‘ಆಯಿತು, ಇಷ್ಟು ಹೊತ್ತಿಗೆ’ ಎಂದು ಖಚಿತಪಡಿಸುತ್ತದೆ. ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್ ಎಂಬ ಈ ನಾಲ್ಕು ಮಾತು ಸಾಮಾನ್ಯವಾಗಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತವೆ. ಹೊರಗೆ ಹೋಗುವ ದಾರಿ ಯಾವುದು, ಜಾಲತಾಣದ ಹೆಸರನ್ನು ಸಂಖ್ಯೆಯಾಗಿಸಲು ಯಾರನ್ನು ಕೇಳಬೇಕು ಎಂಬುದೂ ಅದೇ ಉತ್ತರದಲ್ಲಿ ಸಿಗುತ್ತದೆ. ಅವಧಿಯ ಅರ್ಧ ಕಳೆದಾಗ ಯಂತ್ರ ನವೀಕರಣ ಕೇಳುತ್ತದೆ. ಕೊಟ್ಟವರು ಉತ್ತರಿಸದಿದ್ದರೆ ಎಂಟರಲ್ಲಿ ಏಳು ಪಾಲು ಕಳೆದಾಗ ಮತ್ತೆ ಎಲ್ಲರಿಗೂ ಕೇಳುವಂತೆ ಕೂಗುತ್ತದೆ.

ಮೊದಲು ಹೀಗಿರಲಿಲ್ಲ. 1984ರ ‘ರಾರ್ಪ್’, 1985ರ ‘ಬೂಟ್‌ಪಿ’ ವಿಧಾನಗಳಲ್ಲಿ ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬ ಪಟ್ಟಿಯನ್ನು ಯಾರಾದರೂ ಕುಳಿತು ಬರೆಯಬೇಕಿತ್ತು. ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಬರೆದ ಡಿಎಚ್‌ಸಿಪಿಯ ನಿಯಮಾವಳಿ 1993ರಲ್ಲಿ ಬಂತು. ಇಂದಿಗೂ ಆಧಾರವಾಗಿರುವ ರೂಪ 1997ರದು. ಭಾರತದಲ್ಲಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಹೀಗಾಗಿ ನಮ್ಮಲ್ಲಿ ಹೆಚ್ಚಿನವರು ವಿಳಾಸವನ್ನು ಕೈಯಿಂದ ಬರೆಯುವ ಕಷ್ಟ ಕಾಣಲೇ ಇಲ್ಲ. ವಿಳಾಸ ತಾನಾಗಿ ಬರುತ್ತದೆ ಎಂಬುದೇ ಮರೆತುಹೋಗುವಷ್ಟು ಅಭ್ಯಾಸವಾಗಿದೆ.

192.168 ಎಂದು ಶುರುವಾಗುವ ವಿಳಾಸ ಊರೂರಿಗೂ ಇರುತ್ತದೆ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು 429 ಕೋಟಿ. ಜಾಗತಿಕ ಖಜಾನೆಯ ಕೊನೆಯ ಕಂತು 2011ರ ಫೆಬ್ರವರಿಯಲ್ಲೇ ಹಂಚಿಹೋಯಿತು. ಮನೆಯೊಳಗಿನ ಬಳಕೆಗೆಂದು ತೆಗೆದಿಟ್ಟ ಕೆಲವು ಸಾಲುಗಳನ್ನು ಮಾತ್ರ ಯಾರು ಬೇಕಾದರೂ ಬಳಸಬಹುದು. ಮಲಪನಗುಡಿಯ ಕಂಪ್ಯೂಟರಿಗೂ ಬೊಲೊನ್ಯಾದ ಯಾವುದೋ ಮನೆಯ ಟಿವಿಗೂ ಏಕಕಾಲಕ್ಕೆ 192.168.1.23 ಇದ್ದರೂ ಜಗಳವಿಲ್ಲ. ಜಗಳವಾಗುವುದು ಒಂದೇ ಮನೆಯೊಳಗೆ ಇಬ್ಬರಿಗೆ ಅದೇ ವಿಳಾಸವಿದ್ದಾಗ.

ಹಂಪಿಯ ಸುತ್ತಿನ ಹೋಂಸ್ಟೇ, ಹೋಟೆಲಿನವರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ, ಕಾರಣ ಗೊತ್ತಿರದಿದ್ದರೂ. ರೂಟರ್ 100ರಿಂದ 199ರವರೆಗಿನ ನೂರು ವಿಳಾಸ ಹಂಚುವಂತೆ, ಒಂದೊಂದರ ಅವಧಿ 24 ಗಂಟೆ ಇರುವಂತೆ ಹೊಂದಿಸಿದೆ ಎನ್ನೋಣ. ಹಂಪಿ ಉತ್ಸವದ ದಿನ ಬೆಳಿಗ್ಗೆ ತಿಂಡಿಗೆ ಬಂದವರೆಲ್ಲ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಇಡ್ಲಿ ತಿಂದು ಅರ್ಧ ಗಂಟೆಯಲ್ಲಿ ಹೊರಟ ಪ್ರವಾಸಿಯ ಹೆಸರಿನಲ್ಲಿ ಆ ವಿಳಾಸ ಮರುದಿನ ಬೆಳಿಗ್ಗೆಯವರೆಗೆ ಉಳಿದಿರುತ್ತದೆ. ನೂರು ಮುಗಿದ ಮೇಲೆ ಬಂದ ಫೋನಿಗೆ ಸಿಗ್ನಲ್ ಪೂರ್ತಿ, ಇಂಟರ್ನೆಟ್ ಮಾತ್ರ ಇಲ್ಲ. ಮಾಲೀಕರು ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಬೈಯುತ್ತಾರೆ, ಹೆಚ್ಚು ವೇಗದ ಪ್ಲಾನ್ ಹಾಕಿಸುತ್ತಾರೆ; ರೂಟರಿನಲ್ಲಿ ಅವಧಿಯನ್ನು ಒಂದು ಗಂಟೆಗೆ ಇಳಿಸಿ, ಹಂಚಿಕೆಯನ್ನು ಇನ್ನೂರಕ್ಕೆ ಏರಿಸಿದ್ದರೆ ಖರ್ಚಿಲ್ಲದೆ ಮುಗಿಯುತ್ತಿತ್ತು.

ವಿಳಾಸ ಸಿಗದ ಯಂತ್ರ ಸುಮ್ಮನೆ ಕೂರುವುದಿಲ್ಲ. ವಿಂಡೋಸ್ ಕಂಪ್ಯೂಟರ್ ತನಗೆ ತಾನೇ 169.254 ಎಂದು ಆರಂಭವಾಗುವ ವಿಳಾಸ ಇಟ್ಟುಕೊಳ್ಳುತ್ತದೆ. ಈ ಸಂಖ್ಯೆ ಕಂಡರೆ ಮುಂದಿನ ತನಿಖೆ ಬೇಡ: ರೂಟರಿನವರೆಗೆ ಮಾತು ತಲುಪಿಲ್ಲ, ಇಲ್ಲವೆ ರೂಟರಿನ ಬಳಿ ಕೊಡಲು ವಿಳಾಸ ಉಳಿದಿಲ್ಲ. ಇನ್ನು, ಸಿಗ್ನಲ್ ಸಾಲದೆಂದು ಮನೆಯಲ್ಲಿ ಬಿದ್ದಿದ್ದ ಹಳೆಯ ರೂಟರನ್ನು ಒಳಕೋಣೆಯಲ್ಲಿ ಸಿಕ್ಕಿಸುವವರೂ ಇದ್ದಾರೆ. ಅದರಲ್ಲಿ ಡಿಎಚ್‌ಸಿಪಿ ನಿಲ್ಲಿಸಲು ಮರೆತರೆ ಒಂದೇ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾಗುತ್ತಾರೆ, ಮೊದಲು ಉತ್ತರಿಸಿದವರ ಮಾತೇ ನಡೆಯುತ್ತದೆ. ಲ್ಯಾಪ್‌ಟಾಪ್ ಒಬ್ಬರ ಪಟ್ಟಿಗೆ, ಸ್ಕ್ಯಾನರ್ ಇರುವ ಕಂಪ್ಯೂಟರ್ ಇನ್ನೊಬ್ಬರ ಪಟ್ಟಿಗೆ ಸೇರಿದರೆ ಪಕ್ಕದ ಕೋಣೆಯಲ್ಲಿದ್ದೂ ಒಬ್ಬರಿಗೊಬ್ಬರು ಸಿಗುವುದಿಲ್ಲ.

ಸ್ಕ್ಯಾನರ್ ಮಾಯವಾದ ಬೆಳಿಗ್ಗೆ ಆಗಿರುವುದು ಸಾಮಾನ್ಯವಾಗಿ ಇಷ್ಟೇ. ಹಳೆಯ ಕಂಪ್ಯೂಟರಿಗೆ 23ರ ಬದಲು 27 ಸಿಕ್ಕಿದೆ. ಲ್ಯಾಪ್‌ಟಾಪಿನ ಕಡತ ಇನ್ನೂ 23ರ ಬಾಗಿಲು ತಟ್ಟುತ್ತಿದೆ. ಡ್ರೈವರ್ ಕೆಟ್ಟಿತೆಂದು ತಿಳಿದು ಎಲ್ಲವನ್ನೂ ಅಳಿಸಿ ಮತ್ತೆ ಹಾಕುವವರೇ ಹೆಚ್ಚು. ಅಷ್ಟು ಮಾಡಿದರೂ ಹೊಸ ಕಡತದಲ್ಲಿ ಮತ್ತೆ ಅದೇ 23 ಬರೆದರೆ ಫಲವೇನು? ರೂಟರ್ ವಿಳಾಸ ಬದಲಿಸಿದ್ದು ತಪ್ಪಲ್ಲ, ಅದರ ಕೆಲಸವೇ ಅದು. ಓಡಾಡುವ ಫೋನು, ಲ್ಯಾಪ್‌ಟಾಪುಗಳಿಗೆ ಬದಲಾಗುವ ವಿಳಾಸ ಒಳ್ಳೆಯದೇ. ಒಂದೇ ಕಡೆ ಕೂತು ಇತರರಿಗೆ ಸೇವೆ ಕೊಡುವ ಯಂತ್ರಗಳಿಗೆ, ಅಂದರೆ ಸ್ಕ್ಯಾನರಿನ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ ಪೆಟ್ಟಿಗೆಗಳಿಗೆ ಮಾತ್ರ ಅದು ಹೊಂದುವುದಿಲ್ಲ.

ಹಾಗೆಂದು ಆ ಕಂಪ್ಯೂಟರಿನಲ್ಲಿ ಕೈಯಾರೆ 192.168.1.23 ಎಂದು ಬರೆದುಬಿಡುವುದು ಅವಸರದ ಪರಿಹಾರ. ರೂಟರಿಗೆ ಅದು ಗೊತ್ತಿಲ್ಲದಿದ್ದರೆ, ಆ ಕಂಪ್ಯೂಟರ್ ಆರಿರುವ ಹೊತ್ತಿನಲ್ಲಿ ನೆಂಟರ ಫೋನಿಗೆ 23ನ್ನೇ ಕೊಟ್ಟುಬಿಡಬಹುದು. ಸರಿಯಾದ ಜಾಗ ರೂಟರಿನ ಪುಟದಲ್ಲಿರುವ ‘ಅಡ್ರೆಸ್ ರಿಸರ್ವೇಶನ್’. ಪ್ರತಿಯೊಂದು ನೆಟ್‌ವರ್ಕ್ ಕಾರ್ಡಿಗೂ 48 ಬಿಟ್‌ನ ಮ್ಯಾಕ್ ಸಂಖ್ಯೆಯೊಂದಿರುತ್ತದೆ. ಈ ಮ್ಯಾಕ್‌ಗೆ ಯಾವತ್ತೂ ಇದೇ ವಿಳಾಸ ಎಂದು ರೂಟರಿನಲ್ಲಿ ಬರೆದಿಟ್ಟರೆ ಕಂಪ್ಯೂಟರ್ ಎಂದಿನಂತೆ ಕೇಳುತ್ತದೆ, ರೂಟರ್ ಎಂದಿನಂತೆ ಕೊಡುತ್ತದೆ, ಉತ್ತರ ಮಾತ್ರ ಬದಲಾಗುವುದಿಲ್ಲ. ಒಂದು ಎಚ್ಚರಿಕೆ ಇದೆ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಫೋನುಗಳು ಗುಟ್ಟು ಕಾಯಲೆಂದು ಅಸಲಿ ಮ್ಯಾಕ್ ಮರೆಮಾಡಿ ಬದಲಿ ಸಂಖ್ಯೆ ಹೇಳುತ್ತವೆ. ಲ್ಯಾಪ್‌ಟಾಪುಗಳಲ್ಲೂ ಅಂಥ ಆಯ್ಕೆಯಿದೆ. ಮನೆಯ ವೈಫೈಗೆ ಆ ಆಯ್ಕೆಯನ್ನು ನಿಲ್ಲಿಸದಿದ್ದರೆ ರಿಸರ್ವೇಶನ್ ಹಿಡಿಯದೆ ಹೋಗಬಹುದು. ಸ್ಕ್ಯಾನರಿನ ಕಂಪ್ಯೂಟರಿಗೆ ಕೇಬಲ್ಲೇ ವಾಸಿ. 128 ಎಂಬಿಯ ಚಿತ್ರಗಳು ಸಾಲಾಗಿ ಹೊರಟಾಗ ವೈಫೈ ಏದುಸಿರು ಬಿಡುತ್ತದೆ.

ವಿಳಾಸ ಗಟ್ಟಿಯಾದ ಮೇಲೂ ಒಂದು ವಿಚಿತ್ರ ಉಳಿಯಬಹುದು: ಪಟ್ಟಿಯಲ್ಲಿ ಸ್ಕ್ಯಾನರ್ ಕಾಣುತ್ತದೆ, ಸ್ಕ್ಯಾನ್ ಒತ್ತಿದರೆ ಮಾತ್ರ ನಿಂತೇಬಿಡುತ್ತದೆ. ಸೇನ್‌ಡಿ ಮಾತುಕತೆಗೆ 6566 ಪೋರ್ಟ್ ಬಳಸಿದರೂ ಚಿತ್ರವನ್ನು ಕಳಿಸುವುದು ಬೇರೆ ಪೋರ್ಟಿನಿಂದ, ಅದೂ ಪ್ರತಿ ಸಲ ಬೇರೆ ಬೇರೆ. ಫೈರ್‌ವಾಲ್ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತಡೆದಿರುತ್ತದೆ. ಸೇನ್‌ಡಿಯ ಕಡತದಲ್ಲಿ 10000ದಿಂದ 10100ರವರೆಗೆ ಎಂಬಂಥ ವ್ಯಾಪ್ತಿ ಬರೆದು, ಫೈರ್‌ವಾಲ್‌ನಲ್ಲಿ ಅಷ್ಟನ್ನೇ ತೆರೆದರೆ ಚಿತ್ರ ಬರತೊಡಗುತ್ತದೆ.

ಉಳಿದದ್ದು ಕರೆಂಟು. ಕರೆಂಟು ಹೋಗಿ ಬಂದಾಗ ಎಷ್ಟೋ ಮನೆ ರೂಟರುಗಳು ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆವು ಎಂಬುದನ್ನು ಮರೆತೇ ಏಳುತ್ತವೆ. ರಿಸರ್ವೇಶನ್ ಪಟ್ಟಿ ಮಾತ್ರ ಅಳಿಯದ ಸ್ಮೃತಿಯಲ್ಲಿ ಉಳಿದಿರುತ್ತದೆ. ಬ್ಯಾಟರಿಯ ಬಲದಿಂದ ಎಚ್ಚರವಾಗಿದ್ದ ಲ್ಯಾಪ್‌ಟಾಪ್ ಹಳೆಯ ವಿಳಾಸವನ್ನೇ ಹಿಡಿದುಕೊಂಡಿರುತ್ತದೆ. ಅಂಥ ಹೊತ್ತಿನಲ್ಲಿ ಮೊದಲು ರೂಟರ್, ಅದರ ದೀಪಗಳು ಸ್ಥಿರವಾದ ಮೇಲೆ ಸ್ಕ್ಯಾನರ್, ಆಮೇಲೆ ಅದರ ಕಂಪ್ಯೂಟರ್, ಕೊನೆಗೆ ಲ್ಯಾಪ್‌ಟಾಪಿನ ವೈಫೈ ಆರಿಸಿ ಹಾಕುವುದು, ಈ ಕ್ರಮದಲ್ಲಿ ಎಬ್ಬಿಸಿದರೆ ತೊಡಕು ಕಡಿಮೆ. ರೂಟರಿಗೆ ಸಣ್ಣದೊಂದು ಯುಪಿಎಸ್ ಇಟ್ಟರೆ ಆ ಓಡಾಟವೂ ತಪ್ಪುತ್ತದೆ. ಸ್ಕ್ಯಾನರಿಗೂ ಯುಪಿಎಸ್ ಇದ್ದರೆ ಒಳ್ಳೆಯದು: ಅರ್ಧ ಓದಿದ ಫಿಲ್ಮ್ ಪಟ್ಟಿ ಮೋಟರಿನ ಹಲ್ಲಿನಲ್ಲಿ ಸಿಕ್ಕಿ ನಿಂತಾಗ ಅದನ್ನು ಕೈಯಿಂದ ಎಳೆಯಬಾರದು, ಕರೆಂಟು ಬಂದ ಮೇಲೆ ಯಂತ್ರವೇ ಹೊರಗೆ ತಳ್ಳುವವರೆಗೆ ಕಾಯಬೇಕು.